ಗಾಳದ ಕೋಲಿನ ಉದ್ದ ಮತ್ತು ಎಸೆತದ ದೂರ

ದಡದಿಂದ ಎಸೆದ ಗಾಳ ಎಷ್ಟು ದೂರ ಬೀಳುತ್ತದೆಂಬುದನ್ನು ನಿರ್ಧರಿಸುವ ಅಂಶಗಳಲ್ಲಿ ಕೋಲಿನ ಉದ್ದವೂ ಒಂದು. ಒಂದೇ ಕೋನವೇಗದಲ್ಲಿ ಬೀಸಿದರೆ ಉದ್ದ ಕೋಲಿನ ತುದಿ ಹೆಚ್ಚು ವೇಗ ಪಡೆಯುತ್ತದೆ. ಗಾಳ ಅಷ್ಟು ದೂರ ಹಾರುತ್ತದೆ. ಆದರೆ ಉದ್ದ ಹೆಚ್ಚಿದಂತೆ ಕೋಲು ಭಾರವಾಗಿ ಬೀಸು ನಿಧಾನವಾಗುವುದರಿಂದ ಈ ಲಾಭಕ್ಕೆ ಮಿತಿಯಿದೆ. ಕೋಲಿನ ಬಾಗು, ಸೀಸದ ಗುಂಡಿನ ತೂಕ, ದಾರದ ದಪ್ಪವೂ ಮುಖ್ಯ. ರೀಲಿಲ್ಲದ ಬಿದಿರು ಗಾಳದ ಗರಿಷ್ಠ ವ್ಯಾಪ್ತಿ ಕೋಲು ಮತ್ತು ದಾರದ ಒಟ್ಟು ಉದ್ದವಷ್ಟೇ.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ (ಶಾಂತಿಸಾಗರ) ವಿಶಾಲ ಕೆರೆಯ ಬಯಲು ದಡಕ್ಕೆ 10–12 ಅಡಿಯ ರೀಲು ಕೋಲು ಸೂಕ್ತ. ಹೊನ್ನಾಳಿ ಬಳಿಯ ತುಂಗಭದ್ರೆಯಂಥ ಹೊಳೆಗಳಲ್ಲಿ, ಗಿಡಮರ ಒತ್ತಾಗಿರುವ ದಡದಲ್ಲಿ 6–7 ಅಡಿಯ ಕೋಲು ಬೀಸಲು ಸುಲಭ.