ನೋಟರಿ (ಭಾರತ)

ದಸ್ತಾವೇಜುಗಳನ್ನು ದೃಢೀಕರಿಸಲು, ಪ್ರಮಾಣವಚನ ಬೋಧಿಸಿ ಅಫಿಡವಿಟ್ ಪಡೆಯಲು ಸರ್ಕಾರದಿಂದ ನೇಮಕಗೊಂಡ ಕಾನೂನು ಅಧಿಕಾರಿ. 1952ರ ನೋಟರಿ ಅಧಿನಿಯಮ ಮತ್ತು 1956ರ ನಿಯಮಗಳು ಈ ಹುದ್ದೆಗೆ ಆಧಾರ. ಕೇಂದ್ರ ಸರ್ಕಾರವೂ ರಾಜ್ಯ ಸರ್ಕಾರಗಳೂ ನೋಟರಿಗಳನ್ನು ನೇಮಿಸುತ್ತವೆ. ವಕೀಲರಾಗಿ ಕನಿಷ್ಠ 10 ವರ್ಷದ ಅನುಭವ ಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ವೃತ್ತಿ ಪ್ರಮಾಣಪತ್ರದ ಅವಧಿ 5 ವರ್ಷ, ನಂತರ ನವೀಕರಿಸಬಹುದು.

ಭಾಷಾಂತರವನ್ನು ಪರಿಶೀಲಿಸಿ ದೃಢೀಕರಿಸುವುದು, ಹಣ ಸಂದಾಯವಾಗದ ಹುಂಡಿಯ ಬಗ್ಗೆ ಪ್ರತಿಭಟನೆ ದಾಖಲಿಸುವುದೂ ನೋಟರಿಯ ಕೆಲಸವೇ. ಆದರೆ ಹುದ್ದೆಯ ಮಾನ ಉಳಿಯುವುದು ಒಂದು ಸರಳ ಶಿಸ್ತಿನಿಂದ: ಸಹಿ ಮಾಡುವವರು ಎದುರಿಗೆ ಬರಬೇಕು, ಅವರ ಗುರುತು ಖಚಿತವಾಗಬೇಕು, ಬರೆದದ್ದು ಅವರಿಗೆ ಅರ್ಥವಾಗಿರಬೇಕು. ಓದು ಬಾರದ ವೃದ್ಧೆಯ ಹೆಬ್ಬೆಟ್ಟಿನ ಗುರುತಿಗೆ ಇರುವ ಮೊದಲ ರಕ್ಷಣೆ ಇದೇ. ಆಮೇಲೆ ರಿಜಿಸ್ಟರಿನಲ್ಲಿ ನಮೂದು, ಸಹಿ, ದುಂಡು ಮೊಹರು. ಖಾಲಿ ಹಾಳೆಗೆ ಅಥವಾ ಗೈರುಹಾಜರಾದವರ ಸಹಿಗೆ ಮೊಹರು ಒತ್ತುವುದು ದುರ್ನಡತೆ. ಅಂಥವರ ಹೆಸರನ್ನು ಸರ್ಕಾರ ನೋಟರಿಗಳ ಪಟ್ಟಿಯಿಂದ ತೆಗೆದುಹಾಕಬಹುದು.

ನೋಟರಿ ಮೊಹರು ನೋಂದಣಿಗೆ ಬದಲಿಯಲ್ಲ. 100 ರೂಪಾಯಿ ಅಥವಾ ಹೆಚ್ಚು ಮೌಲ್ಯದ ಸ್ಥಿರಾಸ್ತಿಯ ಕ್ರಯಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲೇ ನೋಂದಾಯಿಸಬೇಕು.