ಹಳೆಯ ಮನೆಯ ದುರಸ್ತಿ ಮತ್ತು ರಾಮಜ್ಜಿನಿಯ ಪ್ರಶ್ನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಇಂಗ್ಲೆಂಡಿನ ಹಳೆಯ ಮನೆಯೊಂದನ್ನು ಕೊಂಡು ದುರಸ್ತಿ ಮಾಡಿಸಿದ್ದರೆ, ಆ ಗಾದೆಗೆ ಮೂರನೆಯ ಪಾದವೊಂದನ್ನು ಸೇರಿಸುತ್ತಿದ್ದರೇನೋ. ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಗಳಲ್ಲಿ ವಾಸವಾಗಿದ್ದಾರೆ. ನಾವೂ ಮೂರು ವರ್ಷಗಳ ಹಿಂದೆ ಶೆಫೀಲ್ಡಿನಲ್ಲಿ 1890ರ ದಶಕದ ಅಂಥದೊಂದು ಮನೆಯನ್ನು ಕೊಂಡೆವು. ಆ ಬಳಿಕ ಸುಮಾರು ಹದಿನಾಲ್ಕು ತಿಂಗಳ ಕಾಲ ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಗಾರೆಯವರು, ಬಣ್ಣದವರು ಒಬ್ಬರಾದ ಮೇಲೊಬ್ಬರಂತೆ ಬಂದುಹೋದರು. ಖರ್ಚುವೆಚ್ಚದ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ಅದು ಎಲ್ಲರ ಮನೆಯಲ್ಲೂ ಒಂದೇ. ಈ ಕುಶಲಕರ್ಮಿಗಳ ಕಸುಬುಗಳು ಅವರ ದೇಹಗಳ ಮೇಲೆ ಬರೆದ ಇತಿಹಾಸವನ್ನು ಕುರಿತು ಮಾತ್ರ ಬರೆಯಬೇಕೆಂದಿದ್ದೇನೆ. ವೃತ್ತಿಯಿಂದ ವೈದ್ಯನಾದ ನಾನು ಅದನ್ನು ನನ್ನ ಮನೆಯಲ್ಲಿಯೇ ಮರೆತಿದ್ದೆ ಎಂಬುದು ಈ ಬರಹಕ್ಕೆ ಕಾರಣ.

ಈ ಇತಿಹಾಸವು ಮನೆಯ ದುರಸ್ತಿಯಿಂದಲೇ ಆರಂಭವಾಗುತ್ತದೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಮೊದೆನಾ ನಗರದಲ್ಲಿ ಬರ್ನಾರ್ದಿನೊ ರಾಮಜ್ಜಿನಿ ಎಂಬ ವೈದ್ಯನಿದ್ದನು. ಒಮ್ಮೆ ಅವನ ಮನೆಯ ಮಲಗುಂಡಿಯನ್ನು ಶುಚಿಗೊಳಿಸಲು ಕೆಲಸಗಾರರು ಬಂದರು. ಅವರಲ್ಲೊಬ್ಬನು ಉಸಿರು ಬಿಡದೆ ಅವಸರವಸರವಾಗಿ ಬಾಚುತ್ತಿದ್ದುದನ್ನು ಕಂಡ ರಾಮಜ್ಜಿನಿಗೆ ಕರುಣೆ ಹುಟ್ಟಿ, ಇಷ್ಟೇಕೆ ದಣಿಯುವೆ, ನಿಧಾನವಾಗಿ ಮಾಡಬಾರದೇ ಎಂದು ಕೇಳಿದನು. ಆ ಕೆಲಸಗಾರನು ಗುಂಡಿಯೊಳಗಿಂದ ತಲೆಯೆತ್ತಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇಲ್ಲಿದ್ದರೆ ಕಣ್ಣು ಹೋಗುತ್ತದೆ ಎಂದು ಉತ್ತರಿಸಿದನು. ಅವನು ಮೇಲೆ ಬಂದ ನಂತರ ರಾಮಜ್ಜಿನಿ ಅವನ ಕಣ್ಣುಗಳನ್ನು ಪರೀಕ್ಷಿಸಿದಾಗ ಅವು ಕೆಂಪಡರಿ ಮಂಜಾಗಿದ್ದವು. ಇದಕ್ಕೆ ಔಷಧವೇನು ಎಂದು ಕೇಳಿದರೆ, ಮನೆಗೆ ಹೋಗಿ ಕತ್ತಲೆಯ ಕೋಣೆಯಲ್ಲಿದ್ದು ಬಿಸಿನೀರಿನಿಂದ ಕಣ್ಣು ತೊಳೆಯುವುದಷ್ಟೇ ಎಂದನು. ಆ ಬಳಿಕ ಊರಿನ ಕುರುಡು ಭಿಕ್ಷುಕರನ್ನು ವಿಚಾರಿಸಿದಾಗ ಅವರಲ್ಲಿ ಕೆಲವರು ಅದೇ ಕಸುಬಿನವರೆಂದು ತಿಳಿದುಬಂದಿತು.

1700ರಲ್ಲಿ ರಾಮಜ್ಜಿನಿ ಪ್ರಕಟಿಸಿದ ಕಸುಬುದಾರರ ಕಾಯಿಲೆಗಳ ಗ್ರಂಥವು ಔದ್ಯೋಗಿಕ ವೈದ್ಯಶಾಸ್ತ್ರದ ಮೂಲಗ್ರಂಥವಾಯಿತು. ಸುಣ್ಣ ಸುಡುವವರು, ಕಲ್ಲುಕುಟಿಗರು, ಬಣ್ಣದವರು ಎಲ್ಲರೂ ಅದರಲ್ಲಿದ್ದಾರೆ. ಬಡವನ ಮನೆಗೆ ಹೋದ ವೈದ್ಯನು ಮುಕ್ಕಾಲು ಮಣೆಯ ಮೇಲಾದರೂ ಕುಳಿತು ಸಾವಧಾನವಾಗಿ ವಿಚಾರಿಸಬೇಕು ಎಂದು ಅವನು ಬೋಧಿಸಿದನು. ಹಿಪ್ಪೊಕ್ರೆಟಿಸನ ಕಾಲದಿಂದ ವೈದ್ಯರು ರೋಗಿಗೆ ಕೇಳುತ್ತ ಬಂದಿದ್ದ ಪ್ರಶ್ನೆಗಳಿಗೆ ‘ನಿನ್ನ ಕಸುಬೇನು?’ ಎಂಬ ಒಂದನ್ನು ಸೇರಿಸಿದನು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ನಾವು ಪ್ರತಿಯೊಂದು ಕೇಸ್ ಶೀಟಿನ ತಲೆಯಲ್ಲಿ ಹೆಸರು, ವಯಸ್ಸು, ಕಸುಬು ಎಂದು ಯಾಂತ್ರಿಕವಾಗಿ ಬರೆಯುತ್ತಿದ್ದೆವು. ಆ ಮೂರನೆಯ ಪದದ ಹಿಂದೆ ಒಂದು ಮಲಗುಂಡಿಯೂ ಒಬ್ಬ ಮನುಷ್ಯನ ಎರಡು ಕಣ್ಣುಗಳೂ ಇವೆಯೆಂಬುದು ಆಗ ಹೊಳೆದಿರಲಿಲ್ಲ.

ನಮ್ಮ ಮನೆಯಲ್ಲಿ ಮೊದಲು ತೆರೆದದ್ದು ಚಿಮ್ನಿ. ಯಾರೋ ಹಿಂದೆ ಇಟ್ಟಿಗೆಯಿಟ್ಟು ಮುಚ್ಚಿದ್ದ ಅಗ್ಗಿಷ್ಟಿಕೆಯನ್ನು ಒಡೆದಾಗ ನೂರು ವರ್ಷದ ಮಸಿ ಬುಟ್ಟಿಗಟ್ಟಲೆ ಉದುರಿತು. ಒಳಗೆ ಕೈಯಾಡಿಸಿ ನೋಡಿದೆ. ಹಳೆಯ ಇಂಗ್ಲಿಷ್ ಮನೆಗಳ ಹೊಗೆದಾರಿಯ ರೂಢಿಯ ಅಳತೆ 14 ಅಂಗುಲಕ್ಕೆ 9 ಅಂಗುಲ. ಇದಕ್ಕಿಂತ ಹಿಂದಿನ ಪೀಳಿಗೆಯ ಮನೆಗಳಲ್ಲಿ ಅಷ್ಟೇ ಇಕ್ಕಟ್ಟಿನ ದಾರಿಯೊಳಗೆ ಮಕ್ಕಳನ್ನು ಹತ್ತಿಸಿ ಗುಡಿಸುತ್ತಿದ್ದರು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಬಾಲ್ಯದಲ್ಲಿ ಚಿಮ್ನಿ ಹತ್ತಿದವರಿಗೆ ಯೌವನದಲ್ಲಿ ವೃಷಣಚೀಲದ ಕ್ಯಾನ್ಸರ್ ತಗಲುವುದನ್ನು ಗುರುತಿಸಿ, ಅದಕ್ಕೆ ಚರ್ಮದ ಮಡಿಕೆಗಳಲ್ಲಿ ಉಳಿಯುವ ಮಸಿಯೇ ಕಾರಣವೆಂದು ಬರೆದನು. ಒಂದು ಕಸುಬಿಗೂ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯಲೋಕವು ಕಂಡುಕೊಂಡದ್ದು ಹೀಗೆ, ಮನೆಯ ಚಿಮ್ನಿಯ ಮೂಲಕ.

ಕಂಡುಕೊಂಡ ಮೇಲೆ ಏನಾಯಿತು ಎಂಬುದು ಹೆಚ್ಚು ನೋವಿನ ಸಂಗತಿ. 1788ರಲ್ಲಿ ಒಂದು ಕಾಯಿದೆ ಬಂದಿತು, 1834ರಲ್ಲಿ ಇನ್ನೊಂದು. 1840ರ ಕಾಯಿದೆಯು 21 ವರ್ಷಕ್ಕಿಂತ ಕಿರಿಯರು ಚಿಮ್ನಿ ಹತ್ತುವುದನ್ನೇ ನಿಷೇಧಿಸಿತು. ಉದ್ದ ಹಿಡಿಯ ಯಾಂತ್ರಿಕ ಪೊರಕೆಗಳು ಅಷ್ಟರಲ್ಲಿ ಬಳಕೆಗೆ ಬಂದಿದ್ದವು. ಆದರೂ ಮನೆಯ ಯಜಮಾನರಿಗೆ ಪೊರಕೆಗಿಂತ ಹುಡುಗನ ಮೇಲೆಯೇ ನಂಬಿಕೆ ಹೆಚ್ಚು. 1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಬಳಿಯ ಫುಲ್ಬೋರ್ನಿನ ಮಾನಸಿಕ ಚಿಕಿತ್ಸಾಲಯದಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕನು ಹೊಗೆದಾರಿಯಲ್ಲಿ ಸಿಕ್ಕಿಕೊಂಡನು. ಗೋಡೆಯೊಡೆದು ಹೊರತೆಗೆದರೂ ಅವನು ಬದುಕುಳಿಯಲಿಲ್ಲ. ಅದೇ ವರ್ಷ ಲಾರ್ಡ್ ಶಾಫ್ಟ್ಸ್‌ಬರಿ ತಂದ ಕಾಯಿದೆಯು ಚಿಮ್ನಿಯವರೆಲ್ಲ ಪೊಲೀಸರಿಂದ ಪರವಾನಗಿ ಪಡೆಯಬೇಕೆಂದು ವಿಧಿಸಿದ ಬಳಿಕವೇ ಆ ಪದ್ಧತಿ ಕೊನೆಗೊಂಡಿತು. ಪಾಟನ ಬರಹಕ್ಕೂ ಈ ಕಾಯಿದೆಗೂ ನಡುವೆ ಸರಿಯಾಗಿ ನೂರು ವರ್ಷ.

ಪ್ಲಂಬರ್ ಎಂಬ ಹೆಸರು ಸೀಸದ ಲ್ಯಾಟಿನ್ ಹೆಸರಾದ ಪ್ಲಂಬಮ್ ಎಂಬುದರಿಂದ ಬಂದಿದೆ. ನಮ್ಮ ಅಡುಗೆಮನೆಯ ನಲ್ಲಿಯ ಕೆಳಗೆ, ಬೀದಿಯ ಕಡೆಯಿಂದ ಬರುವ ಕೊಳವೆಯನ್ನು ಪ್ಲಂಬರ್ ನಾಣ್ಯದಿಂದ ಕೆರೆದು ತೋರಿಸಿದನು. ಮಬ್ಬು ಬೂದಿಬಣ್ಣದ ಕೆಳಗೆ ಬೆಳ್ಳಿಯ ಹೊಳಪು: ಸೀಸ! ಈ ಊರಿಗೂ ಸೀಸಕ್ಕೂ ಹಳೆಯ ವೈರವಿದೆ. ಸುತ್ತಲ ಬೆಟ್ಟದ ಜೌಗುನೆಲದಿಂದ ಹರಿದುಬರುವ ಮೆದುವಾದ ಆಮ್ಲೀಯ ನೀರು ಕೊಳವೆಗಳ ಸೀಸವನ್ನು ಕರಗಿಸಿಕೊಳ್ಳುತ್ತಿದ್ದ ಕಾರಣ, 1880ರ ದಶಕದಲ್ಲಿ ಶೆಫೀಲ್ಡಿನ ಜನರು ಸೀಸವಿಷದಿಂದ ಬಳಲಿದರು. ಇಂದು ನೀರಿನ ಕಂಪನಿಗಳು ಫಾಸ್ಫೇಟ್ ಬೆರೆಸಿ ಕೊಳವೆಯ ಒಳಮೈಗೆ ತೆಳುವಾದ ಲೇಪ ಕಟ್ಟುವಂತೆ ಮಾಡುತ್ತವೆ. ಆದರೂ 1970ಕ್ಕಿಂತ ಹಿಂದಿನ ಮನೆಯುಳ್ಳವರು, ವಿಶೇಷವಾಗಿ ಚಿಕ್ಕ ಮಕ್ಕಳಿರುವವರು, ತಮ್ಮ ಕೊಳವೆಯನ್ನೊಮ್ಮೆ ನೋಡಿಕೊಳ್ಳುವುದು ಒಳಿತು. ಮನೆಯ ಗಡಿಯೊಳಗಿನ ಕೊಳವೆ ಮನೆಯೊಡೆಯನ ಹೊಣೆ ಎಂಬುದು ನಮಗೆ ಬಿಲ್ಲು ಬಂದಾಗಲೇ ತಿಳಿಯಿತು.

ಸೀಸವು ಕೊಳವೆಯಲ್ಲಷ್ಟೇ ಅಲ್ಲ, ಕಿಟಕಿಯ ಚೌಕಟ್ಟಿನ ಬಣ್ಣದಲ್ಲಿಯೂ ಇದ್ದಿತು. ಬಿಳಿಸೀಸದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದ, ಹಳೆಯ ಬಣ್ಣವನ್ನು ಒಣಗಾಗಿಯೇ ಉಜ್ಜುತ್ತಿದ್ದ ಬಣ್ಣದವರಿಗೆ ಹೊಟ್ಟೆಯ ಶೂಲೆಯೂ ಮಣಿಕಟ್ಟು ಜೋತುಬೀಳುವ ಪಾರ್ಶ್ವವಾಯುವೂ ಕಸುಬಿನ ಭಾಗವೇ ಆಗಿದ್ದವು. ಕುಂಚ ಹಿಡಿಯುವ ಕೈಯೇ ಮೊದಲು ಸೋಲುತ್ತಿತ್ತು. ಬ್ರಿಟನ್ನಿನಲ್ಲಿ ಕಾರ್ಖಾನೆಗಳ ಮೊದಲ ವೈದ್ಯಕೀಯ ಪರಿವೀಕ್ಷಕನಾಗಿ 1898ರಲ್ಲಿ ನೇಮಕಗೊಂಡ ಡಾ. ಥಾಮಸ್ ಲೆಗ್, ಸೀಸವಿಷದ ವಿರುದ್ಧ ಕಾಲು ಶತಮಾನಕ್ಕೂ ಹೆಚ್ಚು ಕಾಲ ದುಡಿದನು. ಕಟ್ಟಡಗಳ ಒಳಭಾಗಕ್ಕೆ ಬಿಳಿಸೀಸ ಬಳಿಯುವುದನ್ನು ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದವೊಂದು 1921ರಲ್ಲಿ ಜಿನೀವಾದಲ್ಲಿ ರೂಪುಗೊಂಡಿತು. ಅದನ್ನು ಅನುಮೋದಿಸಲು ಬ್ರಿಟಿಷ್ ಸರಕಾರ ಒಪ್ಪದಿದ್ದಾಗ, 1926ರಲ್ಲಿ ಲೆಗ್ ತನ್ನ ಹುದ್ದೆಗೆ ರಾಜೀನಾಮೆ ಕೊಟ್ಟನು. ನಮ್ಮ ವೃತ್ತಿಯ ಇತಿಹಾಸದಲ್ಲಿ ಔಷಧ ಕಂಡುಹಿಡಿದವರ ಹೆಸರುಗಳು ಬಹಳ. ಬಣ್ಣದವರಿಗಾಗಿ ಕೆಲಸ ಬಿಟ್ಟವನ ಹೆಸರನ್ನು ನಾನು ಓದಿದ್ದು ನಲವತ್ತು ದಾಟಿದ ಮೇಲೆ.

ಇಷ್ಟೆಲ್ಲ ತಿಳಿದವನು ಮಾಡಿದ ತಪ್ಪನ್ನು ಈಗ ಹೇಳಬೇಕು.

ನಮ್ಮ ನಡುಮನೆಯ ಛಾವಣಿಯ ಒಳಮೈಗೆ, 1970ರ ದಶಕದಲ್ಲಿ ಈ ದೇಶದಲ್ಲೆಲ್ಲ ಮೆಚ್ಚುಗೆ ಗಳಿಸಿದ್ದ ಆರ್ಟೆಕ್ಸ್ ಎಂಬ ಉಬ್ಬುತಗ್ಗಿನ ಲೇಪವನ್ನು ಬಳಿದಿದ್ದರು. ಮನೆಯಾಕೆಗೆ ಅದು ಹಿಡಿಸಲಿಲ್ಲ. ಗಾರೆಯವನು ಬರುವುದು ಸೋಮವಾರ. ಅವನ ಅರ್ಧ ದಿನದ ಕೂಲಿ ಉಳಿಸೋಣವೆಂದು ಭಾನುವಾರ ನಾನೇ ಏಣಿ ಹತ್ತಿ ಕೆರೆಯತೊಡಗಿದೆ. ಕೆಳಗೆ ಒಂಬತ್ತು ವರ್ಷದ ಮಗಳು ಏಣಿ ಹಿಡಿದು ನಿಂತಿದ್ದಳು. ಬಿಳಿಯ ಪುಡಿ ಅವಳ ಕೂದಲ ಮೇಲೆ ಬೀಳುತ್ತಿತ್ತು. ಅಜ್ಜಿಯಾಗಿಬಿಟ್ಟೆ ಎಂದು ಇಬ್ಬರೂ ನಕ್ಕೆವು. ಮರುದಿನ ಬಂದ ಗಾರೆಯವನು, ಅರವತ್ತು ದಾಟಿದವನು, ಬಾಗಿಲಲ್ಲಿಯೇ ನಿಂತುಬಿಟ್ಟನು. ಒಳಗೆ ಕಾಲಿಡದೆ, ಅದನ್ನು ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದನು. ಇಲ್ಲವೆಂದೆ. ತನಗೆ ಕೆಲಸ ಕಲಿಸಿದ ಯಜಮಾನನು ತೀರಿಕೊಂಡ ಕಾಯಿಲೆಯ ಹೆಸರನ್ನು ಹೇಳಿದನು. ಅದನ್ನು ಅವನು ಸ್ಪಷ್ಟವಾಗಿ, ಒಂದು ಅಕ್ಷರವೂ ತಪ್ಪದೆ ಉಚ್ಚರಿಸಿದನು: ಮೀಸೋಥೀಲಿಯೋಮಾ.

ಆ ಕಾಯಿಲೆ ನನಗೆ ಅಪರಿಚಿತವಲ್ಲ. ಶ್ವಾಸಕೋಶದ ಹೊರಪೊರೆಯಲ್ಲಿ ಹುಟ್ಟುವ, ಕಲ್ನಾರಿನ ಎಳೆಗಳನ್ನು ಉಸಿರಾಡಿದ ಮೂವತ್ತು ನಲವತ್ತು ವರ್ಷಗಳ ನಂತರ ತಲೆಯೆತ್ತುವ ಕ್ಯಾನ್ಸರ್ ಅದು. ತರಬೇತಿಯ ದಿನಗಳಲ್ಲಿ ಎದೆರೋಗದ ವಾರ್ಡಿನಲ್ಲಿ ನಿವೃತ್ತ ಬಡಗಿಗಳನ್ನೂ ಎಲೆಕ್ಟ್ರಿಷಿಯನ್ನರನ್ನೂ ನೋಡಿದ್ದೇನೆ. ಗಂಡನ ಕೆಲಸದ ಬಟ್ಟೆಯನ್ನು ಕೊಡವಿ ಒಗೆದದ್ದರಿಂದಲೇ ಈ ರೋಗಕ್ಕೆ ತುತ್ತಾದ ಹೆಂಗಸರುಂಟು. ಈ ದೇಶದಲ್ಲಿ ಈಗಲೂ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಇದರಿಂದ ಸಾಯುತ್ತಾರೆ. ಅವರಲ್ಲಿ ಕಟ್ಟಡ ಕಟ್ಟುವ, ದುರಸ್ತಿ ಮಾಡುವ ಕಸುಬಿನವರ ಪಾಲು ದೊಡ್ಡದು. ಆಸ್ಪತ್ರೆಯಲ್ಲಿ ಅವರಿಗೆ ಕಸುಬೇನು ಎಂದು ಕೇಳಿದ್ದ ನಾನು, ನನ್ನ ಛಾವಣಿಗೆ ಅದನ್ನು ಕೇಳಿರಲಿಲ್ಲ.

ಪ್ರಯೋಗಾಲಯದ ವರದಿ ನಾಲ್ಕು ದಿನಗಳಲ್ಲಿ ಬಂದಿತು. ಬಿಳಿ ಕಲ್ನಾರು ಇತ್ತು.

ಕಲ್ನಾರಿನ ಚರಿತ್ರೆಯೂ ಚಿಮ್ನಿಯದರಂತೆಯೇ. ರಾಚ್‌ಡೇಲಿನ ಕಲ್ನಾರು ಕಾರ್ಖಾನೆಯಲ್ಲಿ ದುಡಿದ ನೆಲ್ಲಿ ಕರ್ಷಾ ಎಂಬಾಕೆ 1924ರಲ್ಲಿ ತೀರಿಕೊಂಡಾಗ, ಡಾ. ವಿಲಿಯಂ ಕುಕ್ ಆಕೆಯ ಶ್ವಾಸಕೋಶದಲ್ಲಿ ಕಂಡದ್ದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದನು. 1931ರಲ್ಲಿ ನಿಯಮಗಳು ಬಂದವು. ಅವು ಕಲ್ನಾರನ್ನು ತಯಾರಿಸುವ ಕಾರ್ಖಾನೆಗಳನ್ನು ಕುರಿತವು, ಅದನ್ನು ಮನೆಮನೆಯಲ್ಲಿ ಕೊಯ್ದು ಕೂರಿಸುತ್ತಿದ್ದ ಬಡಗಿಯನ್ನಲ್ಲ. 1960ರಲ್ಲಿ ದಕ್ಷಿಣ ಆಫ್ರಿಕದ ಗಣಿಪ್ರದೇಶದಿಂದ ವಾಗ್ನರ್ ಮತ್ತು ಸಂಗಡಿಗರು ಮೀಸೋಥೀಲಿಯೋಮಾದ ನಂಟನ್ನು ವರದಿ ಮಾಡಿದರು. 1964ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಸೆಲಿಕಾಫ್, ಕಟ್ಟಡಗಳ ಕೊಳವೆಗಳಿಗೆ ಶಾಖನಿರೋಧಕ ಹೊದಿಸುವ ಕೆಲಸಗಾರರ ಸಂಘದ ದಾಖಲೆಗಳ ನೆರವಿನಿಂದ, ಇದು ಕಾರ್ಖಾನೆಯ ಗೋಡೆಯೊಳಗಿನ ರೋಗವಷ್ಟೇ ಅಲ್ಲವೆಂದು ತೋರಿಸಿದನು. ಆರ್ಟೆಕ್ಸ್ ನಮ್ಮ ಛಾವಣಿಯೇರಿದ್ದು ಇದೆಲ್ಲ ತಿಳಿದ ಮೇಲೆಯೇ. ನೀಲಿ ಮತ್ತು ಕಂದು ಕಲ್ನಾರನ್ನು ಬ್ರಿಟನ್ ನಿಷೇಧಿಸಿದ್ದು 1985ರಲ್ಲಿ, ಬಿಳಿಯದನ್ನು 1999ರಲ್ಲಿ. ಆದುದರಿಂದ 2000ಕ್ಕಿಂತ ಹಿಂದಿನ ಯಾವ ಮನೆಯಲ್ಲಿಯೂ, ಛಾವಣಿಯ ಲೇಪ, ನೆಲದ ಹಾಸು, ಗ್ಯಾರೇಜಿನ ಶೀಟು, ಹಳೆಯ ಬಾಯ್ಲರಿನ ಸುತ್ತಲ ಹಲಗೆ ಇವುಗಳಲ್ಲಿ ಕಲ್ನಾರು ಇರಬಹುದು. ಕಚೇರಿ, ಶಾಲೆಗಳ ಹೊಣೆ ಹೊತ್ತವರು ಅದನ್ನು ಪತ್ತೆಮಾಡಿ ದಾಖಲಿಸಲೇಬೇಕೆಂದು ಕಾನೂನಿದೆ. ಸ್ವಂತ ಮನೆಯಲ್ಲಿ ಕುಟುಂಬದೊಡನೆ ವಾಸಿಸುವವರ ಮೇಲೆ ಅಂಥ ಕಟ್ಟುಪಾಡಿಲ್ಲ. ಹಾಗಾಗಿ ರಂಧ್ರ ಕೊರೆಯುವ ಮುನ್ನ ಮಾದರಿಯೊಂದನ್ನು ಪರೀಕ್ಷೆಗೆ ಕಳುಹಿಸುವುದು ನಮಗೇ ಬಿಟ್ಟದ್ದು. ನಾವು ಕೊಟ್ಟ ವೆಚ್ಚ ಒಂದು ಸಂಜೆಯ ಹೋಟೆಲ್ ಊಟಕ್ಕಿಂತ ಕಡಿಮೆ.

ಮಗಳ ವಿಷಯವಾಗಿ ಓದುಗರು ಆತಂಕಪಡಬೇಕಿಲ್ಲ. ಆ ಲೇಪದಲ್ಲಿ ಎಳೆಗಳ ಪ್ರಮಾಣ ಅಲ್ಪ, ಒಂದು ದಿನದ ಒಡನಾಟದಿಂದ ಬರುವ ಅಪಾಯವೂ ಬಹಳ ಸಣ್ಣದು. ರೋಗಿಗಳಿಗೆ ನಾನು ಹೇಳುವುದೂ ಇದನ್ನೇ. ಆದರೂ ಅವಳ ಕೂದಲು ಬಾಚುವಾಗ ಆ ಭಾನುವಾರ ನೆನಪಾಗುತ್ತದೆ. ಛಾವಣಿಯ ಉಳಿದ ಭಾಗವನ್ನು ಕೆರೆಯದೆ, ಕೆಳಗಿನಿಂದ ಹೊಸ ಹಲಗೆ ಹೊದಿಸಿ, ಅದರ ಮೇಲೆ ಗಾರೆಯವನು ನುಣುಪಾದ ಲೇಪ ಕೊಟ್ಟನು. ಆ ಹಲಗೆಯ ಹಿಂದೆ ಏನಿದೆಯೆಂದು ಒಂದು ಚೀಟಿಯಲ್ಲಿ ಬರೆದು ಫ್ಯೂಸ್ ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿದ್ದೇವೆ. ಮುಂದೆಂದಾದರೂ ಈ ಮನೆಗೆ ಬರುವ ಎಲೆಕ್ಟ್ರಿಷಿಯನ್ ಅದನ್ನು ಓದಲಿ ಎಂದು.

ಇದಾದ ಕೆಲವು ವಾರಗಳಲ್ಲಿ ಊರಿನಿಂದ ತಮ್ಮ ಫೋನ್ ಮಾಡಿದನು. ತುಮಕೂರು ಕಡೆಯ ನಮ್ಮ ತಂದೆಯ ಮನೆಯ ಹಿತ್ತಲ ಕೊಟ್ಟಿಗೆಯ ಸಿಮೆಂಟ್ ಶೀಟುಗಳನ್ನು ಬದಲಿಸುತ್ತಿದ್ದರು. ಸಿಮೆಂಟ್ ಶೀಟು ಎಂದು ನಾವು ಕರೆದರೂ, ಹಳೆಯ ಶೀಟುಗಳಲ್ಲಿ ಸಿಮೆಂಟಿನೊಡನೆ ಬಿಳಿ ಕಲ್ನಾರು ಇರುವುದೇ ರೂಢಿ. ಭಾರತದಲ್ಲಿ ಅದರ ಮಾರಾಟಕ್ಕೆ ಇಂದಿಗೂ ನಿಷೇಧವಿಲ್ಲ. ಮೇಸ್ತ್ರಿ ಸುತ್ತಿಗೆಯಿಂದ ಒಡೆದು ಇಳಿಸುತ್ತಿರುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಒಡೆಯಬೇಡಿ, ನೀರು ಹಾಕಿ ನೆನೆಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿ ಎಂದೆ. “ಅಣ್ಣ, ಅವರು ಮೂವತ್ತು ವರ್ಷದಿಂದ ಹೀಗೇ ಮಾಡ್ತಾ ಬಂದಿದ್ದಾರೆ” ಎಂದನು ತಮ್ಮ. ಮೇಸ್ತ್ರಿಗೇ ಫೋನ್ ಕೊಡಿಸಿ, ಮೊದಲು ಕೆಮ್ಮಿದೆಯೇ, ದಮ್ಮು ಕಟ್ಟುತ್ತದೆಯೇ ಎಂದು ವಿಚಾರಿಸಿದೆ. “ಇಷ್ಟು ವರ್ಷದಲ್ಲಿ ಯಾವ ಡಾಕ್ಟ್ರೂ ಇದನ್ನ ಕೇಳಿರಲಿಲ್ಲ ಸ್ವಾಮಿ” ಎಂದು ಅವರು ನಕ್ಕರು. ಆಮೇಲೆ ನೀರಿನ ಪೈಪು ತರಿಸಿ ನೆನೆಸಿ, ಉಳಿದ ಶೀಟುಗಳನ್ನು ಒಡೆಯದೆ ಇಳಿಸಿದರು.

ಆ ಶೀಟುಗಳನ್ನು ಎಲ್ಲಿಗೆ ಸಾಗಿಸಬೇಕೆಂದು ಪಂಚಾಯಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟಾರ್ಪಾಲು ಹೊದಿಸಿ ಹಿತ್ತಲ ಗೋಡೆಗೆ ಒರಗಿಸಿಟ್ಟಿದ್ದಾರೆ; ಮೊನ್ನೆ ವಿಡಿಯೋ ಕರೆಯಲ್ಲಿ ನೋಡಿದಾಗಲೂ ಅಲ್ಲಿಯೇ ಇದ್ದವು.