ಎತ್ತಿನ ಹಲ್ಲು ಎಣಿಸಿದೆ, ನಾಯಿ ಹಲ್ಲು ನೋಡಲಿಲ್ಲ

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಲಿ ತುಟಿ ಎತ್ತಿ ಹಲ್ಲು ನೋಡದೆ ಯಾರೂ ಹೋರಿ ವ್ಯಾಪಾರ ಮಾಡಲ್ಲ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಅಂತ ವಯಸ್ಸು ಹೇಳೋದು ನಮ್ಮಪ್ಪ ನನಗೆ ಕಲಿಸಿದ ವಿದ್ಯೆ. ಅಂಥ ನಾನು, ಒಂಬತ್ತು ವರ್ಷ ಹೊಲ ಕಾಯ್ದ ನಮ್ಮ ಕರಿಯನ ಬಾಯಿ ಒಂದು ದಿನವೂ ತೆರೆದು ನೋಡಿರಲಿಲ್ಲ.

ಹೋದ ಸುಗ್ಗಿಲಿ ಅವನು ಮುದ್ದೆ ಮೂಸಿ ಬಿಟ್ಟು ಹೋಗೋಕೆ ಶುರು ಮಾಡಿದ. ಕೊಬ್ಬು ಅಂದ್ಕೊಂಡೆ. ಬಾಯಿ ನಾರ್ತಿತ್ತು, ನಾಯಿ ಬಾಯಿ ನಾರದೆ ಇನ್ನೇನು ಅಂದ್ಕೊಂಡೆ. ಕೊನೆಗೆ ಡಾಕ್ಟ್ರು ತುಟಿ ಎತ್ತಿ ತೋರಿಸಿದ್ರು. ದವಡೆಹಲ್ಲಿಗೆ ಗಾರೆ ಮೆತ್ತಿದ ಹಾಗೆ ಪಾಚಿ ಗಟ್ಟಿಯಾಗಿತ್ತು, ವಸಡಲ್ಲಿ ಕೀವು. ಅರವಳಿಕೆ ಕೊಟ್ಟು ಹಲ್ಲು ಕ್ಲೀನ್ ಮಾಡ್ಬೇಕು ಅಂದ್ರು. ನನಗೆ ನಗು ಬಂತು. ಮನೆಗೆ ಬಂದು ಇದರ ಚರಿತ್ರೆ ಓದಿದ ಮೇಲೆ ನಗು ನಿಂತಿತು.

ಮನುಷ್ಯರ ಹಲ್ಲಿನ ಪಾಚಿ ಕೆರೆಯೋದು ಹಳೇ ಕೆಲಸ. ಸುಮಾರು ಸಾವಿರ ವರ್ಷದ ಹಿಂದೆ ಸ್ಪೇನಿನ ಕೊರ್ಡೋಬಾದ ವೈದ್ಯ ಅಲ್-ಝಹ್ರಾವಿ ಅದಕ್ಕೇ 14 ಬಗೆಯ ಉಪಕರಣ ಬರೆದಿಟ್ಟಿದ್ದಾನೆ. ಪ್ರಾಣಿಗಳ ಸರದಿ ಬಂದದ್ದು ಬಹಳ ತಡವಾಗಿ. 1761ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಮೊದಲ ಪಶುವೈದ್ಯ ಶಾಲೆ ಶುರುವಾದಾಗ ದನಗಳ ದೊಡ್ಡರೋಗ ಮತ್ತು ಕುದುರೆಗಳದ್ದೇ ಚಿಂತೆ. ದುಡಿಯುವ ಪ್ರಾಣಿಗೆ ಬೆಲೆ ಇತ್ತು, ನಾಯಿಗೆ ಇರಲಿಲ್ಲ.

ಇನ್ನೊಂದು ತೊಡಕು, ನಾಯಿ ಬಾಯಿ ತೆರೆದು ಕೂರಲ್ಲ. 1846ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಮಾರ್ಟನ್ ಅನ್ನೋ ಹಲ್ಲಿನ ಡಾಕ್ಟ್ರು ಈಥರ್ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಿಸಿ ತೋರಿಸಿದ. ಮರುವರ್ಷವೇ ಇಂಗ್ಲೆಂಡಿನ ಪಶುವೈದ್ಯ ಎಡ್ವರ್ಡ್ ಮೇಹ್ಯೂ ನಾಯಿ, ಬೆಕ್ಕುಗಳಿಗೂ ಅದನ್ನ ಕೊಟ್ಟು ನೋಡಿದ. ಅವು ಮತ್ತಿನಲ್ಲೇ ಕೂಗಿದ್ವು. ಅದು ನೋವಿನ ಕೂಗೋ ಅಲ್ಲವೋ ಹೇಳೋಕಾಗದೆ ಅವನು ಹಿಂಜರಿದ. 1950ರ ದಶಕದಲ್ಲಿ ಅಲ್ಟ್ರಾಸಾನಿಕ್ ಸ್ಕೇಲರ್ ಬಂತು. ಅದರ ತುದಿ ಸೆಕೆಂಡಿಗೆ 25 ಸಾವಿರ ಸಲಕ್ಕೂ ಹೆಚ್ಚು ಅದುರಿ, ನೀರು ಚಿಮ್ಮಿಸಿ ಪಾಚಿ ಉದುರಿಸುತ್ತೆ. ಅಮೆರಿಕದಲ್ಲಿ ಪಶು ದಂತವೈದ್ಯ ತಜ್ಞರದ್ದೇ ಮಂಡಳಿ ಆದದ್ದು 1988ರಲ್ಲಿ. ಲಿಯಾನ್ ಶಾಲೆಯಿಂದ ಲೆಕ್ಕ ಹಾಕಿದ್ರೆ 227 ವರ್ಷ!

ಅರವಳಿಕೆ ಯಾಕೆ ಅಂತ ನಾನೂ ಕೇಳಿದೆ. ಕಣ್ಣಿಗೆ ಕಾಣೋ ಪಾಚಿಗಿಂತ ವಸಡಿನ ಕೆಳಗಿನದ್ದೇ ಅಪಾಯ, ಎಚ್ಚರ ಇರೋ ನಾಯಿಲಿ ಅಲ್ಲಿಗೆ ಕೈ ಹಾಕೋಕಾಗಲ್ಲ. ಉಸಿರುಕೊಳವೆಗೆ ಟ್ಯೂಬ್ ಹಾಕೋದ್ರಿಂದ ನೀರು ಶ್ವಾಸಕೋಶಕ್ಕೆ ಇಳಿಯಲ್ಲ. ಮೊದಲು ರಕ್ತಪರೀಕ್ಷೆ, ಕೊನೆಗೆ ಹಲ್ಲಿಗೆ ಪಾಲಿಶ್. ಕರಿಯನ 42 ಹಲ್ಲಲ್ಲಿ ಎರಡು ಕೀಳಬೇಕಾಯ್ತು. ಖರ್ಚು ಎರಡು ಕ್ವಿಂಟಾಲ್ ರಾಗಿ ಮಾರಿದಷ್ಟು. ಮೊದಲೇ ನೋಡಿದ್ರೆ ಆ ಎರಡೂ ಉಳೀತಿದ್ವೋ ಏನೋ.

ಮೇಹ್ಯೂ ಕಾಲದ ನಾಯಿಗಳು ಕೂಗಿಯಾದರೂ ಕೂಗಿದ್ವು. ನಮ್ಮ ಕರಿಯ ಕೂಗಲೂ ಇಲ್ಲ. ರಾತ್ರಿ ಹಂದಿ ಬಂದ್ರೆ ಎಂದಿನಂತೆ ಅಟ್ಟಿಸಿಕೊಂಡು ಹೋದ, ಬೆಳಿಗ್ಗೆ ಮುದ್ದೆ ಬಿಟ್ಟು ಮಲಗಿದ, ಅಷ್ಟೇ. ಈಗ ತಿಂತಾನೆ.

ಕುಡುಗೋಲು, ಚಾಕು ತಗೊಂಡು ನೀವೇ ಕೆರೆಯೋಕೆ ಹೋಗ್ಬೇಡಿ. ಇವತ್ತು ಸಂಜೆ ನಿಮ್ಮ ನಾಯಿ ತುಟಿ ಒಂದ್ಸಲ ಎತ್ತಿ ನೋಡಿ, ಸಾಕು.